ಪುಟದ ತುಂಬ ಪ್ರಶ್ನೆ ಚಿಹ್ನೆ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಕಲಬುರಗಿ ಜಿಲ್ಲೆಯ ಒಬ್ಬ ತೊಗರಿ ಬೆಳೆಗಾರ. ಹೂ ಬಿಡುವ ಹೊತ್ತಿಗೆ ನೆಟೆ ರೋಗ ಬಂದು ಆರು ಎಕರೆ ನಿಂತಲ್ಲೇ ಒಣಗಿತು. ಪರಿಹಾರ ಕೇಳಿ ಒಂದು ಕಚೇರಿಗೆ ಮೇಲ್ ಮಾಡಿದೆ. ಎರಡು ವರ್ಷದಲ್ಲಿ ನಾಲ್ಕು ಸಲ. ಉತ್ತರವಿಲ್ಲ. ಕಚೇರಿಯ ಹೆಸರು ಇಲ್ಲಿ ಬೇಡ, ಅಲ್ಲಿರುವವರ ಹೊಟ್ಟೆ ಮೇಲೆ ಹೊಡೆಯುವ ಆಸೆ ನನಗಿಲ್ಲ.

ಹೋದ ತಿಂಗಳು ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಅಲ್ಲಿಗೇ ಹೋದೆ. ಗುಮಾಸ್ತರು ಪಾಪ ಒಳ್ಳೆಯವರು. ಫೈಲು ಹುಡುಕಿ ನನ್ನ ಅರ್ಜಿಯ ಪ್ರಿಂಟ್ ತೆಗೆದು ಮುಂದಿಟ್ಟರು. ನೋಡಿದರೆ ಪುಟದ ತುಂಬ ಪ್ರಶ್ನೆ ಚಿಹ್ನೆ! ಸಾಲು ಸಾಲಾಗಿ, ಬಿತ್ತಿದ ಹಾಗೆ. ಉಳಿದಿದ್ದು ಸರ್ವೆ ನಂಬರು, ಮೊಬೈಲ್ ನಂಬರು ಎರಡೇ. ಅಂಕಿಗಳನ್ನು ಇಂಗ್ಲಿಷಿನಲ್ಲಿ ಒತ್ತಿದ್ದೆ, ಬದುಕಿಕೊಂಡಿದ್ದವು. ಆ ಹಾಳೆಗೂ ದುಂಡನೆ ಸೀಲು, ಇನ್‌ವರ್ಡ್ ನಂಬರು. ಕೆಳಗೆ ನೀಲಿ ಪೆನ್ನಿನಲ್ಲಿ ಷರಾ: ‘ವಿಷಯ ಸ್ಪಷ್ಟವಿಲ್ಲ. ಮುಕ್ತಾಯಗೊಳಿಸಿದೆ.’ ಅದನ್ನು ಮಾತ್ರ ಚೊಕ್ಕ ಕನ್ನಡದಲ್ಲಿ ಬರೆದಿದ್ದರು.

“ನಮ್ಮ ಸಿಸ್ಟಮ್ಮಿಗೆ ಕನ್ನಡ ಬರಂಗಿಲ್ಲರೀ, ಇಂಗ್ಲಿಷ್‌ನ್ಯಾಗ ಕಳಸ್ರಿ” ಅಂದರು.

ಸ್ವಾಮಿ, ನನಗೂ ಇಂಗ್ಲಿಷ್ ಬರಂಗಿಲ್ಲ. ಈಗ ಏನು ಮಾಡಬೇಕು? ಆ ಸಿಸ್ಟಮ್ ಸರಿ ಮಾಡಿಸಿ.

ನನ್ನ ತಮ್ಮನ ಮಗ ಇಂಜಿನಿಯರಿಂಗ್ ಓದುತ್ತಾನೆ. ಅವನು ಹೇಳಿದ್ದು ಇಷ್ಟು. 1982ರ ಇಮೇಲ್ ನಿಯಮದಲ್ಲಿ 128 ಸಂಕೇತಗಳಿಗೆ ಮಾತ್ರ ಜಾಗ, ಎಲ್ಲಾ ಇಂಗ್ಲಿಷಿನವೇ. ಆದರೆ ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಕಂಪ್ಯೂಟರಿನಲ್ಲಿ ಒಂದೊಂದು ನಂಬರು ಕೊಡುವ ಯೂನಿಕೋಡ್‌ನಲ್ಲಿ 1991ರಲ್ಲೇ, ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. 1992ರಲ್ಲಿ ಮೈಮ್ ಅನ್ನುವ ಪದ್ಧತಿ ಬಂತು, ಯಾವ ಲಿಪಿಯಲ್ಲಾದರೂ ಮೇಲ್ ಬರೆಯುವ ದಾರಿ ಆಯಿತು. 2012ರಲ್ಲಿ ಇಮೇಲ್ ವಿಳಾಸವನ್ನೇ ನಮ್ಮ ಲಿಪಿಯಲ್ಲಿ ಇಟ್ಟುಕೊಳ್ಳುವ ನಿಯಮವೂ ಬಂತು. ನಾನು ಕಳಿಸಿದ ಮೇಲ್ ಇವತ್ತಿಗೂ ನನ್ನ ಫೋನಿನಲ್ಲಿ ನೀಟಾಗಿದೆ. ಆ ಕಚೇರಿಯ ಹಳೇ ಸಾಫ್ಟ್‌ವೇರ್ ತನಗೆ ಗೊತ್ತಿಲ್ಲದ ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಚಿಹ್ನೆ ಹಾಕಿ ಕೈತೊಳೆದುಕೊಂಡಿದೆ. ‘ನೆಟೆ’ ಅನ್ನುವ ಎರಡಕ್ಷರಕ್ಕೆ ನಾಲ್ಕು ಚಿಹ್ನೆ, ಯಾಕೆಂದರೆ ಎತ್ವವನ್ನು ಬೇರೆಯಾಗಿ ಲೆಕ್ಕ ಹಾಕುತ್ತದಂತೆ. ನಷ್ಟದ ಲೆಕ್ಕದಲ್ಲೂ ಇಷ್ಟು ಧಾರಾಳ ತೋರಿಸಿದ್ದರೆ ಚೆನ್ನಾಗಿತ್ತು.

ಆಡಳಿತ ಭಾಷೆ ಕಾಯ್ದೆ 1963ರದ್ದು. ಅದರಲ್ಲಿ ಏನಿದೆ ಅಂತ ನಿಮಗೆ ನಾನು ಹೇಳಬೇಕೇ? ನವೆಂಬರ್ ಒಂದಕ್ಕೆ ನೀವೇ ಭಾಷಣ ಮಾಡುತ್ತೀರಿ. 2014ರಲ್ಲಿ ಅದೇ ದಿನ ಗುಲ್ಬರ್ಗ ಹೋಗಿ ಕಲಬುರಗಿ ಆಯಿತು. ಖುಷಿಯೇ. ಆದರೆ ಆ ಕಚೇರಿಗೆ ‘ಕಲಬುರಗಿ’ ಅಂತ ಕನ್ನಡದಲ್ಲಿ ಬರೆದು ಕಳಿಸಿ ನೋಡಿ, ಬರೀ ಪ್ರಶ್ನೆ ಚಿಹ್ನೆ ಬರುತ್ತದೆ.

ಹೊಸ ಕಟ್ಟಡ ಬೇಡ, ಉದ್ಘಾಟನೆ ಬೇಡ. ಕನ್ನಡದ ಮೇಲ್ ಕನ್ನಡದಲ್ಲೇ ತೆರೆಯಬೇಕು, ಅಷ್ಟೇ. ಆ ಸಿಸ್ಟಮ್ ಸರಿ ಮಾಡಿಸಿ. ಸರಿ ಮಾಡಿಸಿದ ಮೇಲೆ, ‘ವಿಷಯ ಸ್ಪಷ್ಟವಿಲ್ಲ’ ಅಂತ ಮುಚ್ಚಿದ ಅರ್ಜಿಗಳನ್ನೆಲ್ಲ ಮತ್ತೆ ತೆರೆಸಿ. ನನ್ನದೊಂದೇ ಇರಲಿಕ್ಕಿಲ್ಲ, ಅಲ್ವಾ?

ಇದನ್ನು ಮೇಲ್ ಮಾಡುತ್ತಿಲ್ಲ, ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿದ್ದೇನೆ. ಸೀಲು ಬಿದ್ದ ಆ ಹಾಳೆಯ ಜೆರಾಕ್ಸ್ ಜೊತೆಗಿದೆ. ನಿಮಗೆ ಓದಲು ಬಂದರೆ ನನಗೂ ತಿಳಿಸಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ