ಮಗಳಿಗೊಂದು ಪತ್ರ: ನಿನ್ನೂರು ಆರ್ಬ್ರೋತ್

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನಂದ ಮಾತು ಇನ್ನೂ ಮನಸ್ಸಿನಲ್ಲೇ ಇದೆ. ಮ್ಯಾಂಚೆಸ್ಟರಿನ ಹಾಸ್ಟೆಲಿನಲ್ಲಿ ಯಾರೋ ಊರು ಯಾವುದು, ಫುಟ್‌ಬಾಲ್ ಟೀಮ್ ಯಾವುದು ಅಂತ ಕೇಳಿದರೆ "ಡಂಡೀ ಹತ್ತಿರ ಎಲ್ಲೋ" ಅಂದುಬಿಟ್ಟೆಯಂತೆ. ಹೆಸರು ಹೇಳಿದರೂ ಯಾರಿಗೂ ಗೊತ್ತಾಗಲ್ಲ ಅಂದೆ. ನಾನು ಕುಂದಾಪುರದಲ್ಲಿ ಹುಟ್ಟಿ ಸ್ಕಾಟ್ಲೆಂಡಿನ ಈ ಕಡಲೂರಿಗೆ ಬಂದು ಸೇರಿದವನು. ನೀನು ಕಣ್ಣು ಬಿಟ್ಟಿದ್ದೇ ಇಲ್ಲಿ. ಇನ್ನು ಮುಂದೆ ಯಾರಾದರೂ ಕೇಳಿದರೆ ಆರ್ಬ್ರೋತ್ ಅಂತ ಗಟ್ಟಿಯಾಗಿ ಹೇಳು.

ಗೊತ್ತಿಲ್ಲ ಅಂದವರಿಗೆ 36-0 ಅನ್ನು. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ ಪಂದ್ಯದಲ್ಲಿ ಬಾನ್ ಅಕಾರ್ಡ್ ತಂಡಕ್ಕೆ ನಮ್ಮವರು ಹೊಡೆದ ಗೋಲುಗಳ ಲೆಕ್ಕ ಅದು. ಹದಿನೆಂಟರ ಹುಡುಗ ಜಾನ್ ಪೆಟ್ರಿ ಒಬ್ಬನೇ ಹದಿಮೂರು ಹೊಡೆದ. ಆಗ ಗೋಲಿಗೆ ಬಲೆ ಕಟ್ಟುತ್ತಿರಲಿಲ್ಲ, ಪ್ರತಿ ಸಲ ಚೆಂಡಿನ ಹಿಂದೆ ಓಡಿ ತರಬೇಕಿತ್ತು. ಅಷ್ಟು ಹೊತ್ತು ಹಾಳಾಗಿಯೂ ಮೂವತ್ತಾರು! ಅದೇ ದಿನ ಡಂಡೀ ಹಾರ್ಪ್ ತಂಡ ಇನ್ನೊಂದು ಪಂದ್ಯದಲ್ಲಿ 35-0 ಗೆದ್ದಿತ್ತು. ಒಂದೇ ಒಂದು ಗೋಲಿನಿಂದ ದಾಖಲೆ ನಮ್ಮೂರಿಗೆ ಉಳಿಯಿತು.

ಆದರೆ ನನಗೆ ಅದಕ್ಕಿಂತ ಹತ್ತಿರದ್ದು 2022ರ ಏಪ್ರಿಲ್ 22, ಶುಕ್ರವಾರ ರಾತ್ರಿ. ಹಗಲು ಬೇರೆ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರುವ ಆಟಗಾರರ ತಂಡ, ಮ್ಯಾನೇಜರ್ ಡಿಕ್ ಕ್ಯಾಂಪ್‌ಬೆಲ್ ಕೈಯಲ್ಲಿ, ದೇಶದ ಅತಿ ಮೇಲಿನ ಲೀಗಿನ ಬಾಗಿಲಿಗೆ ಬಂದು ನಿಂತಿತ್ತು. ಕಿಲ್ಮಾರ್ನಾಕ್ ವಿರುದ್ಧ ಮುನ್ನಡೆಯಲ್ಲಿದ್ದೆವು, ಕೊನೆಯ ನಿಮಿಷಗಳಲ್ಲಿ 2-1ರಿಂದ ಸೋತೆವು. ನೀನು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತೆ. ನಾನೂ ಅಡುಗೆಮನೆಗೆ ಹೋಗಿ ಅತ್ತೆ, ನಿನಗೆ ಹೇಳಿರಲಿಲ್ಲ. ಎರಡು ವರ್ಷಕ್ಕೆ ಕೆಳಗಿನ ಲೀಗಿಗೆ ಬಿದ್ದೆವು, 2025ರಲ್ಲಿ ಚಾಂಪಿಯನ್ ಆಗಿಯೇ ಮೇಲೆ ಬಂದೆವು.

ನಿನ್ನೆ ಕಡಲಂಚಿನ ನಮ್ಮ ಮೈದಾನ ಗೇಫೀಲ್ಡಿಗೆ ಒಬ್ಬನೇ ಹೋಗಿದ್ದೆ. ಅದೇ ಗಾಳಿ. ಗೋಲ್‌ಕೀಪರ್ ಒದ್ದ ಚೆಂಡು ಮೇಲೇರಿ, ಅಲ್ಲೇ ನಿಂತಂತಾಗಿ, ಅವನ ಕಡೆಗೇ ವಾಪಸು ಬಂತು. ಅಲೆಯೊಂದು ಗೋಡೆ ದಾಟಿ ಸಿಡಿದು ತುಟಿಯೆಲ್ಲ ಉಪ್ಪುಪ್ಪು. ಚಿಕ್ಕವಳಿದ್ದಾಗ ಬಿಸಿ ಪೈಯನ್ನು ಎರಡೂ ಕೈಯಲ್ಲಿ ಹಿಡಿದು, ತಿನ್ನದೆ ಕೈ ಕಾಯಿಸಿಕೊಳ್ಳುತ್ತಿದ್ದೆಯಲ್ಲ, ಆ ಮೂಲೆಯಲ್ಲೇ ನಿಂತಿದ್ದೆ.

ಈ ಊರಿನವರನ್ನು 'ರೆಡ್ ಲಿಕ್ಟೀಸ್' ಅನ್ನುವುದು ಬಂದರಿಗೆ ದೋಣಿಗಳನ್ನು ಕರೆಯುತ್ತಿದ್ದ ಕೆಂಪು ದೀಪದಿಂದ. ಅಬ್ಬೆಯ, ಅಂದರೆ ಹಳೆಯ ಕ್ರೈಸ್ತ ಮಠದ, ಗೋಡೆಯ ದುಂಡು ಕಿಟಕಿಯಲ್ಲೂ ಹಿಂದೆ ನಾವಿಕರಿಗಾಗಿ ಬೆಂಕಿ ಉರಿಸುತ್ತಿದ್ದರಂತೆ. 1178ರಲ್ಲಿ ವಿಲಿಯಂ ದೊರೆ ಕಟ್ಟಿಸಿದ ಅಬ್ಬೆ ಅದು. "ನಮ್ಮಲ್ಲಿ ನೂರು ಜನ ಉಳಿದಿರುವವರೆಗೂ ಇಂಗ್ಲಿಷರ ಆಳ್ವಿಕೆಗೆ ತಲೆಬಾಗೆವು" ಅಂತ 1320ರಲ್ಲಿ ಸ್ಕಾಟ್ಲೆಂಡಿನಿಂದ ಪೋಪನಿಗೆ ಹೋದ ಪತ್ರ ನಮ್ಮೂರಿನ ಹೆಸರಿನದು. ಶಾಲೆಯಲ್ಲಿ ಬಾಯಿಪಾಠ ಮಾಡಿ ಮನೆಯಲ್ಲಿ ಒಪ್ಪಿಸಿದ್ದೆ, ನೆನಪಿದೆಯಾ?

ನನಗೆ ಅತಿ ಇಷ್ಟದ ಕಥೆ ಬೇರೆ. ತೀರದಿಂದ ಹದಿನೆಂಟು ಕಿಲೋಮೀಟರು ದೂರದ ಬೆಲ್ ರಾಕ್ ದೀಪಸ್ತಂಭ 1811ರಿಂದ ಬೆಳಗುತ್ತಿದೆ. ಅದನ್ನು ಕಾಯುತ್ತಿದ್ದವರ ಹೆಂಡಿರು ಮಕ್ಕಳು ಈಚೆ ದಡದ ಸಿಗ್ನಲ್ ಟವರಿನಲ್ಲಿ ಇರುತ್ತಿದ್ದರು. ಹೆರಿಗೆಯಾದರೆ ಅಲ್ಲಿನ ಕಂಬಕ್ಕೆ ಬಟ್ಟೆ ಏರಿಸುತ್ತಿದ್ದರಂತೆ, ಗಂಡಾದರೆ ಪ್ಯಾಂಟು, ಹೆಣ್ಣಾದರೆ ಲಂಗ. ಸಮುದ್ರದ ನಡುವೆ ದುರ್ಬೀನಿನಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಆ ಅಪ್ಪನನ್ನು ನೆನೆದಾಗಲೆಲ್ಲ ನೀನು ಹುಟ್ಟಿದ ರಾತ್ರಿ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದು ನೆನಪಾಗುತ್ತದೆ. ನನಗೆ ಬಂದ ಸುದ್ದಿ ಲಂಗದ್ದು ಕಣೇ.

ಡಿಸೆಂಬರಿನಲ್ಲಿ ಶುಕ್ರವಾರವೇ ಬಂದುಬಿಡು, ಶನಿವಾರದ ಮ್ಯಾಚು ತಪ್ಪದಿರಲಿ. ನಿನ್ನ ಮರೂನ್ ಸ್ಕಾರ್ಫ್ ಅಮ್ಮ ಒಗೆದು ಬೀರುವಿನಲ್ಲಿಟ್ಟಿದ್ದಾಳೆ. ಬಂದರಿನ ಬೀದಿಯಿಂದ ಸ್ಮೋಕಿ ತಂದಿರುತ್ತೇನೆ, ಬಾಲಕ್ಕೆ ಸೆಣಬಿನ ದಾರ ಕಟ್ಟಿ ಹೊಗೆಯಲ್ಲಿ ಬೇಯಿಸಿದ ಜೋಡಿ ಹ್ಯಾಡಕ್ ಮೀನು, ಒಲೆಯಿಂದ ಇಳಿಸಿದ ಬಿಸಿಬಿಸಿಯದ್ದೇ. ನಡುಮುಳ್ಳು ನಾನೇ ತೆಗೆದು ಕೊಡುತ್ತೇನೆ.

ನಿನ್ನ
ಅಪ್ಪ