ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತು?

ಚಿರಂಜೀವಿ ಮೊಮ್ಮಗಳಿಗೆ ಅಜ್ಜನ ಆಶೀರ್ವಾದಗಳು.

ನಿನ್ನ ಚರ್ಚಾ ಭಾಷಣದ ಕರಡನ್ನು ಎರಡು ಸಲ ಓದಿದೆ. ವಸಾಹತು ಆಳ್ವಿಕೆ ನೋವು ಕೊಟ್ಟಿತು, ಆದರೆ ರೈಲು, ಶಾಲೆ, ಕಾನೂನುಗಳನ್ನೂ ತಂದಿತು. ಎರಡನ್ನೂ ತೂಗಿದರೆ ಅದನ್ನು ಸಮರ್ಥಿಸಬಹುದು ಎಂದು ಬರೆದಿದ್ದೀಯ. ಭಾಷೆ ಚೆನ್ನಾಗಿದೆ. ಮಾತನ್ನು ಮಾತ್ರ ನಾನು ಒಪ್ಪಲಾರೆ.

ರೈಲನ್ನೇ ತೆಗೆದುಕೋ. ಭಾರತದಲ್ಲಿ ಹಳಿ ಹಾಕಿದ ಮೊದಮೊದಲ ಕಂಪನಿಗಳ ಬಂಡವಾಳಕ್ಕೆ ಶೇಕಡಾ 5ರಷ್ಟು ಆದಾಯ ಖಚಿತ ಎಂದು ಸರ್ಕಾರ ಮಾತು ಕೊಟ್ಟಿತ್ತು. ಕೊರತೆ ಬಿದ್ದಾಗ ತುಂಬಿಕೊಟ್ಟದ್ದು ಭಾರತದ ಪ್ರಜೆಗಳು ತೆತ್ತ ತೆರಿಗೆ. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅತ್ತ ಜಪಾನ್ 1872ರಲ್ಲಿ ತನ್ನ ಮೊದಲ ರೈಲನ್ನು ಟೋಕಿಯೊ, ಯೊಕೊಹಾಮಾಗಳ ನಡುವೆ ಓಡಿಸಿತು. ಎಂಜಿನಿಯರುಗಳು ಬ್ರಿಟನ್ನಿನವರು, ಸಾಲ ಲಂಡನ್ನಿನದು, ಆಳ್ವಿಕೆ ಮಾತ್ರ ಜಪಾನಿಯರದೇ. ವಿದ್ಯೆಯನ್ನು ಕಡ ತರಲು ಮನೆಯ ಯಜಮಾನಿಕೆಯನ್ನು ಬಿಟ್ಟುಕೊಡಬೇಕಾಗಿರಲಿಲ್ಲ. (ಹಾಗೆಂದು ಜಪಾನನ್ನು ಹೊಗಳಲು ಹೋಗಬೇಡ, ಅದೇ ದೇಶ 1910ರಲ್ಲಿ ಕೊರಿಯಾವನ್ನು ನುಂಗಿತು.)

ನನ್ನನ್ನು ಹೆಚ್ಚು ಕಾಡುವುದು ಕೆರಿಬಿಯನ್ ಸಮುದ್ರದ ಹೈಟಿ. ಗುಲಾಮರೇ ದಂಗೆಯೆದ್ದು, ಫ್ರಾನ್ಸಿನ ಸೇನೆಯನ್ನು ಸೋಲಿಸಿ, 1804ರಲ್ಲಿ ಸ್ವತಂತ್ರರಾದ ನಾಡು ಅದು. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳುಹಿಸಿ, ಹಳೆಯ ತೋಟದ ಒಡೆಯರಿಗಾದ ನಷ್ಟಕ್ಕೆಂದು 15 ಕೋಟಿ ಫ್ರಾಂಕ್ ಕೇಳಿತು. ಆ ನಷ್ಟದ ಲೆಕ್ಕದಲ್ಲಿ ಬಿಡುಗಡೆಯಾದ ಮನುಷ್ಯರೂ ಸೇರಿದ್ದರು! ತಮಗೆ ತಾವೇ ಒಡೆಯರಾದದ್ದಕ್ಕೆ ಅವರು ದಂಡ ಕಟ್ಟಬೇಕಾಯಿತು. 1838ರಲ್ಲಿ ಮೊತ್ತ 9 ಕೋಟಿಗೆ ಇಳಿಯಿತು. ಅದನ್ನು ತೀರಿಸಲು ಮಾಡಿದ ಸಾಲಗಳು 20ನೆಯ ಶತಮಾನದವರೆಗೂ ಬೆನ್ನುಬಿಡಲಿಲ್ಲ. ನೀನು ಲಾಭ ನಷ್ಟ ತೂಗುತ್ತೇನೆ ಎನ್ನುತ್ತೀಯ. ಆ ತಕ್ಕಡಿಯನ್ನು ಹಿಡಿದವರು ಯಾರು ಎಂದು ಮೊದಲು ನೋಡು, ತಾಯಿ.

ಸದುದ್ದೇಶದ ಮಾತನ್ನೂ ನಂಬಿ ಕೂರಬೇಡ. ಆಫ್ರಿಕವನ್ನು ಹಂಚಿಕೊಳ್ಳುವ ನಿಯಮ ಮಾಡಿದ 1884-85ರ ಬರ್ಲಿನ್ ಸಮ್ಮೇಳನದಲ್ಲಿ ಒಬ್ಬ ಆಫ್ರಿಕನ್ನನಿಗೂ ಕುರ್ಚಿ ಇರಲಿಲ್ಲ. ಗುಲಾಮರ ವ್ಯಾಪಾರವನ್ನು ನಿಲ್ಲಿಸುತ್ತೇನೆ ಎನ್ನುತ್ತಲೇ ಕಾಂಗೋವನ್ನು ಪಡೆದ ಬೆಲ್ಜಿಯಂನ ದೊರೆ ಲಿಯೊಪೋಲ್ಡನ ಆಡಳಿತದಲ್ಲಿ ರಬ್ಬರಿಗಾಗಿ ಜನರ ಕೈಗಳನ್ನು ಕತ್ತರಿಸಲಾಯಿತು.

1829ರ ಸತಿ ನಿಷೇಧವನ್ನು ನೀನು ಎತ್ತಿದ್ದೀಯ. ಅದು ಒಳ್ಳೆಯ ಕಾನೂನು. ಅದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆ. ಆದರೆ ಅದಕ್ಕಾಗಿ ರಾಮಮೋಹನ ರಾಯರು ವರ್ಷಗಟ್ಟಲೆ ಹೋರಾಡಿದ್ದರು ಎಂಬುದನ್ನು ಯಾಕೆ ಬಿಟ್ಟೆ? ಹಿಂದಿನ ಅರಸರನ್ನು ದೇವತೆಗಳನ್ನಾಗಿ ಮಾಡು ಎಂದು ನಾನು ಹೇಳುತ್ತಿಲ್ಲ. ಅವರ ಅನ್ಯಾಯ ಅನ್ಯಾಯವೇ. ಆದರೆ ಒಬ್ಬರ ಕ್ರೌರ್ಯ ಇನ್ನೊಬ್ಬರಿಗೆ ಆಳುವ ಹಕ್ಕುಪತ್ರವಾಗುವುದಿಲ್ಲ. ಆ ಹಕ್ಕು ಹುಟ್ಟುವುದು ಆಳಿಸಿಕೊಳ್ಳುವವರ ಒಪ್ಪಿಗೆಯಿಂದ, ಅದನ್ನು ಯಾವ ವಸಾಹತುಶಾಹಿಯೂ ಕೇಳಲಿಲ್ಲ. "ಅವರಿನ್ನೂ ಸಿದ್ಧರಿಲ್ಲ" ಎಂಬ ನಿನ್ನ ಕೊನೆಯ ವಾದಕ್ಕೆ ವಿಶ್ವಸಂಸ್ಥೆ 1960ರಲ್ಲೇ ಉತ್ತರ ಕೊಟ್ಟಿದೆ: ಸಿದ್ಧತೆಯ ಕೊರತೆ ಸ್ವಾತಂತ್ರ್ಯವನ್ನು ತಡೆಯಲು ನೆಪವಾಗಬಾರದು. ಆ ನಿರ್ಣಯದ ಪರವಾಗಿ 89 ಮತ, ವಿರೋಧವಾಗಿ ಒಂದೂ ಇಲ್ಲ. ದೊಡ್ಡ ವಸಾಹತುಶಾಹಿ ದೇಶಗಳು ತಟಸ್ಥವಾಗಿ ಉಳಿದವು.

ಎರಡನೆಯ ಪುಟವನ್ನು ಮತ್ತೆ ಬರೆ. ಹೈಟಿಯ ಆ ಸಾಲ ತೀರಿದ್ದು ಬಹುಪಾಲು ಕಾಫಿಯ ಮೇಲಿನ ಸುಂಕದಿಂದ. ಆ ಕಾಫಿ ಬೆಳೆದ ಒಬ್ಬ ರೈತ ಎದುರು ಕುಳಿತು ಕೇಳುತ್ತಿದ್ದಾನೆ ಎಂದುಕೊಂಡು ಬರೆ. ಬರೆದು ನನಗೆ ಕಳುಹಿಸು, ಕಾಯುತ್ತಿರುತ್ತೇನೆ.

ನಿನ್ನ ಅಜ್ಜ