ಜೇಬಿನಲ್ಲೇ ಉಳಿದ ಪ್ರಸಂಗ

ಮಾನ್ಯ ಸಂಪಾದಕರೇ,

2015ರ ಏಪ್ರಿಲ್ 25ರ ಭೂಕಂಪದ ನಂತರ ನಮ್ಮ ಚರ್ಚಿನ ಸಭೆಯ ತಂಡದೊಂದಿಗೆ ಹತ್ತು ದಿನದ ಸೇವೆಗೆಂದು ನೇಪಾಳದ ಸಿಂಧುಪಾಲ್ಚೋಕ್‌ಗೆ ಹೋಗಿದ್ದೆ. ಅಲ್ಲಿ ವಾರದ ರಜೆ ಶನಿವಾರ, ಆರಾಧನೆಯೂ ಅಂದೇ. ಚರ್ಚು ಕುಸಿದಿತ್ತು, ಟಾರ್ಪಾಲಿನಡಿ ಕೂತೆವು. ಬಿಸಿನೀರಿಲ್ಲವೆಂದು ಬೆಳಿಗ್ಗೆಯಷ್ಟೇ ಗೊಣಗಿದ್ದವನು ನಾನು. ಮನೆ ಕಳೆದುಕೊಂಡ ಅಜ್ಜಿಯೊಬ್ಬರು, ಬದುಕುಳಿದ ಒಂದೇ ಒಂದು ಆಡಿಗಾಗಿ ಐದು ನಿಮಿಷ ದೇವರಿಗೆ ಸ್ತೋತ್ರ ಹೇಳಿದರು. ಆಮೇಲೆ ಅದರ ಹಾಲಿನಲ್ಲೇ ನಮಗೆ ಚಾ ಕಾಸಿ ಕೊಟ್ಟರು. ಆರಾಧನೆಯಲ್ಲಿ ಉಪದೇಶಿಸಲೆಂದು ನಾನು ಬರೆದೊಯ್ದಿದ್ದ ಪ್ರಸಂಗ ಜೇಬಿನಿಂದ ಹೊರಗೆ ಬರಲೇ ಇಲ್ಲ.

ಈಗ ಇಂಥ ಯಾತ್ರೆಗಳ ಫೋಟೊಗಳದ್ದೇ ಸಡಗರ. ಹೋಗುವವರು ಉಪದೇಶ ಕಡಿಮೆ ಮಾಡಿ ಚಾವಣಿಯ ತಗಡು ಹೊರಲಿ. ನಮ್ಮ ವಿಮಾನದ ದುಡ್ಡಿಗೆ ಎಷ್ಟು ತಗಡು ಬರುತ್ತಿತ್ತೆಂಬ ಲೆಕ್ಕ ನನಗಿನ್ನೂ ಬಗೆಹರಿದಿಲ್ಲ.

– ನಿವೃತ್ತ ಶಿಕ್ಷಕ, ಮಂಗಳೂರು